ಯೂ ಇಲ್ಲದ ಕ್ಯೂ: ಯಾವ ಪದ ನಡೆಯುತ್ತದೆ, ಅದರ ಅರ್ಥವೇನು?

ಪ್ರಶ್ನೆ (ವಿರಾಜಪೇಟೆ): ಹೈಸ್ಕೂಲ್ ಮಕ್ಕಳ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ) ಆಟಕ್ಕೆಂದು, ಕ್ಯೂ ಇದ್ದು ಅದರ ಹಿಂದೆಯೇ ಯೂ ಬಾರದ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡುತ್ತಿದ್ದೇವೆ. ನೆಟ್‌ನಲ್ಲಿ ಹುಡುಕಿದರೆ ಇರಾಕ್, ಕತಾರ್ ಎಲ್ಲ ಸೇರಿಕೊಂಡು ಬರುತ್ತವೆ. ಕ್ಯೂ-ಎ-ಟಿ, ಟಿ-ಆರ್-ಎ-ಎನ್-ಕ್ಯೂ ಇಂಥವಕ್ಕೆ ಅರ್ಥ ಇದೆಯೇ? ಕೊನೆಗೆ ಎಸ್ ಹಚ್ಚಬಹುದೇ? ಮಳೆ ಹಿಡಿದರೆ ಇಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ನೆಟ್ ಇಲ್ಲದೆಯೂ ಹುಡುಕುವ ದಾರಿ ಇದ್ದರೆ ತಿಳಿಸಿ.

ಉತ್ತರ (ಮಡಿಕೇರಿ): ಮಾನ್ಯರೇ, ಅಂಕಿತನಾಮ ಸ್ಕ್ರ್ಯಾಬಲ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ಇರಾಕ್, ಕತಾರ್ ಹೊರಗೆ. ನಮ್ಮ ಕೂರ್ಗೂ ಹೊರಗೇ!

ಉಳಿದವುಗಳಲ್ಲಿ ಬಹುಪಾಲು ಅರಬ್ಬಿಯಿಂದ ಬಂದವು. ಅರಬ್ಬಿಯಲ್ಲಿ ಗಂಟಲಿನಾಳದಿಂದ ಹೊರಡುವ 'ಕಾಫ್' ಎಂಬ ಅಕ್ಷರವೊಂದಿದೆ. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಕ್ಯೂ ಬಳಸುವ ರೂಢಿ. ಈ ಪದಗಳಲ್ಲಿ ಹಲವು ನಮ್ಮ ಮಕ್ಕಳ ಕಿವಿಗೆ ಆಗಲೇ ಬಿದ್ದಿವೆ: ಫಕೀರ (ಎಫ್-ಎ-ಕ್ಯೂ-ಐ-ಆರ್), ತಲಾಖ್ (ಟಿ-ಎ-ಎಲ್-ಎ-ಕ್ಯೂ), ನಿಖಾಬ್ (ಎನ್-ಐ-ಕ್ಯೂ-ಎ-ಬಿ), ಬುರ್ಖಾ (ಬಿ-ಯೂ-ಆರ್-ಕ್ಯೂ-ಎ). ನಮ್ಮ ಖಾಜಿ ಅಲ್ಲಿ ಕ್ಯೂ-ಎ-ಡಿ-ಐ. ಹಾಗೆಂದು ಕನ್ನಡದ ಖಕಾರ ಕಂಡಲ್ಲೆಲ್ಲ ಕ್ಯೂ ಇಡಬೇಡಿ. ಖಲೀಫನ ಖ ಬೇರೆ ಅಕ್ಷರ, ಅವನಿಗೆ ಕ್ಯೂ ಇಲ್ಲ. ತಾಲೂಕಿನ ಮೂಲದಲ್ಲಿ ಕಾಫ್ ಇದ್ದರೂ ಇಂಗ್ಲಿಷರು ಅದನ್ನು ಟಿ-ಎ-ಎಲ್-ಯೂ-ಕೆ ಎಂದೇ ಬರೆದುಕೊಂಡರು. ಸ್ಕ್ರ್ಯಾಬಲ್‌ನ ಪದಪಟ್ಟಿಯಲ್ಲಿರುವುದೂ ಅದೇ.

ಕ್ಯೂ-ಎ-ಟಿ ಎಂದರೆ ಯೆಮೆನ್, ಇಥಿಯೋಪಿಯಾ ಕಡೆ ಎಲೆಯಡಿಕೆಯ ಹಾಗೆ ಅಗಿಯುವ ಒಂದು ಸೊಪ್ಪು. ಸ್ವಲ್ಪ ಅಮಲು ಬರುತ್ತದೆ. ಕೆ-ಎ-ಟಿ, ಕೆ-ಎಚ್-ಎ-ಟಿ ಎಂದು ಬರೆದರೂ ನಡೆಯುತ್ತದೆ. ಕ್ಯೂ-ಒ-ಪಿ-ಎಚ್ ಹೀಬ್ರೂ ಲಿಪಿಯ ಒಂದು ಅಕ್ಷರದ ಹೆಸರು. ಕ್ಯೂ-ಎ-ಎನ್-ಎ-ಟಿ ಇರಾನಿನ ನೆಲದಡಿಯ ನೀರಿನ ಸುರಂಗ. ನಮ್ಮ ಬೀದರಿನ ಕರೇಜ್ ಅದೇ ಬಗೆಯದು. ಎಸ್-ಯೂ-ಕ್ಯೂ (ಸೂಕ್) ಅರಬರ ಪೇಟೆ. ಟಿ-ಆರ್-ಎ-ಎನ್-ಕ್ಯೂ ಎಂಬುದು ಟ್ರ್ಯಾಂಕ್ವಿಲೈಜರ್‌ನ ಮೊಟಕು ರೂಪ. ತೋಟಕ್ಕೆ ನುಗ್ಗಿದ ಕಾಡಾನೆಯನ್ನು ಹಿಡಿಯಲು ಕೊಡುವ ಮಂಪರಿನ ಚುಚ್ಚುಮದ್ದು ನೆನೆದರೆ ಕೊಡಗಿನ ಮಕ್ಕಳು ಮರೆಯುವುದಿಲ್ಲ. ಇವೆಲ್ಲ ನಾಮಪದಗಳು, ಎಲ್ಲಕ್ಕೂ ಎಸ್ ಹತ್ತುತ್ತದೆ. ಅರ್ಥ ಕಲಿಸಿ ಎನ್ನುವುದು ಅದಕ್ಕೇ: ನಾಮಪದವೆಂದು ತಿಳಿದರೆ ಎಸ್ ಇಡುವ ಧೈರ್ಯ ಬರುತ್ತದೆ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಎರಡೇ ಅಕ್ಷರದ ಕ್ಯೂ-ಐ, ಚೀನೀಯರ ಪ್ರಾಣಶಕ್ತಿ. ಕ್ಯೂ ಬಿಲ್ಲೆಗೆ 10 ಅಂಕ. ಅದು ಮೂರು ಪಟ್ಟಿನ ಅಕ್ಷರದ ಮನೆಯಲ್ಲಿ ಕುಳಿತು ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆದರೆ 31 ಮತ್ತು 31, ಒಟ್ಟು 62. 100 ಬಿಲ್ಲೆಗಳಲ್ಲಿ ಯೂ ಇರುವುದು 4, ಯಾವ ಅಕ್ಷರವಾಗಿಯೂ ಇಡಬಹುದಾದ ಖಾಲಿ ಬಿಲ್ಲೆ 2. ಯೂ ಬರಲಿ ಎಂದು ಕ್ಯೂ ಹಿಡಿದು ಕೂರುವುದು ನಷ್ಟದ ಕೆಲಸ. ಎದುರಾಳಿ ಮೊದಲು ಮುಗಿಸಿದರೆ ನಿಮ್ಮಿಂದ 10 ಕಳೆದು ಅವರಿಗೆ 10 ಕೂಡುತ್ತದೆ, ಅಂದರೆ 20ರ ಅಂತರ.

ಇನ್ನು ಹುಡುಕುವುದು. ಭಾರತದ ಪಂದ್ಯಗಳಲ್ಲಿ ಪ್ರಮಾಣ ಕಾಲಿನ್ಸ್ ನಿಘಂಟಿನವರ ಸ್ಕ್ರ್ಯಾಬಲ್ ಪದಪಟ್ಟಿ. ನೆಟ್‌ನಲ್ಲಿ ಪುಕ್ಕಟೆ ಸಿಗುವ ಪಟ್ಟಿಗಳು ಎಷ್ಟೋ ಸಲ ಹಳೆಯವು, ಇಲ್ಲವೇ ಅಮೆರಿಕದವು. ಪರೀಕ್ಷೆ ಸುಲಭ: ಕ್ಯೂ-ಐ ಇಲ್ಲದಿದ್ದರೆ ಪಟ್ಟಿ ತೀರ ಹಳತು (ಅಮೆರಿಕದ ಪಟ್ಟಿಗೇ ಅದು 2006ರಲ್ಲಿ ಸೇರಿತು). ಕಾಲಿನ್ಸ್ ಎಂದು ಹೇಳಿಕೊಂಡ ಪಟ್ಟಿಯಲ್ಲಿ ಒ-ಕೆ ಇಲ್ಲದಿದ್ದರೆ ಅದು 2019ಕ್ಕಿಂತ ಹಿಂದಿನದು. ಒಂದು ಸಾಲಿಗೆ ಒಂದು ಪದ ಇರುವ ಕಡತವನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ. ಚಾರ್ಜ್ ಇದ್ದರೆ ಸಾಕು, ನೆಟ್ ಬೇಡ. ಲಿನಕ್ಸ್ ಅಥವಾ ಮ್ಯಾಕ್ ಆದರೆ, ಕಡತದಲ್ಲಿ ಮಾದರಿಗೆ ಹೊಂದುವ ಸಾಲುಗಳನ್ನು ಹುಡುಕಿಕೊಡುವ ಗ್ರೆಪ್ ಆಜ್ಞೆಗೆ ಈ ಮಾದರಿ ಕೊಡಿ: ಕ್ಯೂ, ಅದರ ಮುಂದೆ ಚೌಕ ಆವರಣದೊಳಗೆ ^ ಚಿಹ್ನೆ ಮತ್ತು ಯೂ. 'ಕ್ಯೂ ಆದ ಮೇಲೆ ಯೂ ಅಲ್ಲದ ಒಂದು ಅಕ್ಷರ' ಎಂದು ಇದರ ಅರ್ಥ. ಕಡತ ದೊಡ್ಡಕ್ಷರದಲ್ಲಿದ್ದರೆ ಮಾದರಿಯೂ ದೊಡ್ಡಕ್ಷರದಲ್ಲೇ ಇರಲಿ.

ಮರುಪ್ರಶ್ನೆ: ಪಟ್ಟಿ ಬಂತು, ಆದರೆ ತಲಾಖ್, ಟ್ರ್ಯಾಂಕ್, ಸೂಕ್ ಮೂರೂ ಅದರಲ್ಲಿಲ್ಲವಲ್ಲ?

ಉತ್ತರ: ಆ ಮೂರೂ ಕ್ಯೂನಲ್ಲೇ ಮುಗಿಯುತ್ತವೆ. ಮಾದರಿ ಕೇಳುವುದು ಕ್ಯೂ ಮುಂದೆ ಇನ್ನೊಂದು ಅಕ್ಷರ, ಅದು ಅಲ್ಲಿ ಇಲ್ಲ. ಕ್ಯೂ ಆದ ಮೇಲೆ, 'ಸಾಲು ಇಲ್ಲಿಗೆ ಮುಗಿಯಿತು' ಎನ್ನುವ $ ಚಿಹ್ನೆ ಇಟ್ಟು ಇನ್ನೊಮ್ಮೆ ಹುಡುಕಿ, ಬಂದದ್ದನ್ನು ಮೊದಲ ಪಟ್ಟಿಗೆ ಸೇರಿಸಿ. 'ಯೂ ಇರುವ ಪದವನ್ನೆಲ್ಲ ತೆಗೆ' ಎಂಬ ಅಡ್ಡದಾರಿ ಹಿಡಿಯಬೇಡಿ, ಬುರ್ಖಾ ಮತ್ತು ಸೂಕ್ ಎರಡೂ ಉದುರುತ್ತವೆ. ಮುಂದೆ ಬೇರೆ ಕಡತದಲ್ಲಿ ಈ ಮೂರೂ ಮೊದಲ ಹುಡುಕಾಟದಲ್ಲೇ ಬಂದು, $ ಇಟ್ಟಾಗ ಒಂದೂ ಬರದಿದ್ದರೆ ಆ ಕಡತ ವಿಂಡೋಸಿನಲ್ಲಿ ಉಳಿಸಿದ್ದಿರಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಚಿಹ್ನೆಯೊಂದು ಕೂತಿರುತ್ತದೆ, ಮೊದಲ ಮಾದರಿ ಅದನ್ನೇ 'ಯೂ ಅಲ್ಲದ ಅಕ್ಷರ' ಎಂದು ಎಣಿಸುತ್ತದೆ. ಎಡಿಟರಿನಲ್ಲಿ ತೆರೆದು ಸಾಲಿನ ಕೊನೆಯನ್ನು ಯುನಿಕ್ಸ್ ರೀತಿಗೆ ಬದಲಿಸಿ ಉಳಿಸಿ.