ಕ್ರೈಸ್ಟ್‌ಚರ್ಚ್‌ನ ಗೆಳತಿ ಮನೆಯಿಂದ ಹಿಮನದಿಗೆ: ಹೋಗಿ ಬಂದವರು ಹೇಳಿ

ಕೇಳಿದವರು, ಶಿವಮೊಗ್ಗ

ಏಪ್ರಿಲ್ ರಜೆಯಲ್ಲಿ ನ್ಯೂಜಿಲೆಂಡ್‌ಗೆ ಹೊರಟಿದ್ದೇವೆ. ಕಾಲೇಜು ಗೆಳತಿ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾಳೆ. ಅವಳನ್ನು ನೋಡಿ ಹದಿನಾಲ್ಕು ವರ್ಷ ಆಯ್ತು. ನಾವಿಬ್ಬರು, ಹನ್ನೊಂದು ವರ್ಷದ ಮಗ, ಮಂಡಿ ನೋವಿರುವ ಅಮ್ಮ. ಒಟ್ಟು ಹನ್ನೆರಡು ದಿನ. ಹಿಮನದಿ ನೋಡಲೇಬೇಕು ಅಂತ ಮಗನ ಹಟ. ಫ್ರಾನ್ಸ್ ಜೋಸೆಫ್, ಟಾಸ್ಮನ್ ಎರಡೂ ಆಗುತ್ತವಾ? ಗೆಳತಿಗೆ ಏನು ತೆಗೆದುಕೊಂಡು ಹೋಗಲಿ?

ಕ್ರೈಸ್ಟ್‌ಚರ್ಚ್‌ನಲ್ಲಿ ಒಂಬತ್ತು ವರ್ಷದಿಂದ ಇರುವವರು

ಮ್ಯಾಪ್‌ನಲ್ಲಿ ಎರಡೂ ಅಕ್ಕಪಕ್ಕ ಕಾಣುತ್ತವೆ. ಆದರೆ ಒಂದು ಬೆಟ್ಟಸಾಲಿನ ಈ ಮಗ್ಗುಲು, ಇನ್ನೊಂದು ಆ ಮಗ್ಗುಲು. ನಡುವೆ ರಸ್ತೆ ಇಲ್ಲ. ಹಾಸ್ಟ್ ಕಡೆಯಿಂದ ಸುತ್ತಿ ಹೋದರೆ ಇಡೀ ದಿನ ಕಾರಿನಲ್ಲೇ ಕಳೆಯುತ್ತದೆ.

ಫ್ರಾನ್ಸ್ ಜೋಸೆಫ್‌ಗೆ ಇಲ್ಲಿಂದ ಆರ್ಥರ್ಸ್ ಪಾಸ್ ದಾಟಿ ಐದು ಗಂಟೆಗೂ ಜಾಸ್ತಿ. ಒಂದು ರಾತ್ರಿಗೆ ಮಾತ್ರ ಹೋಗಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಪಶ್ಚಿಮ ಕರಾವಳಿಯ ಮಳೆ ನಿಮಗೆ ಆಗುಂಬೆಯನ್ನೇ ನೆನಪಿಸುತ್ತದೆ. ಅಪ್ಪ ಅಮ್ಮ ಬಂದಾಗ ನಾವು ಒಂದೇ ರಾತ್ರಿ ಉಳಿದೆವು. ಬೆಳಿಗ್ಗೆ ಎದ್ದರೆ ಎದುರಿನ ಬೆಟ್ಟವೇ ಇಲ್ಲ, ಬರೀ ಮೋಡ. ಹೆಲಿಕಾಪ್ಟರ್ ರದ್ದಾಯಿತು. ಅಪ್ಪ ಎರಡು ಗಂಟೆ ಆ ಮೋಡವನ್ನೇ ನೋಡುತ್ತಾ ಕೂತಿದ್ದರು. ಇವತ್ತಿಗೂ ಆ ಮುಖ ಮರೆಯಲು ಆಗಿಲ್ಲ.

2012ರಿಂದ ಅಲ್ಲಿ ನಡೆದುಕೊಂಡು ಹಿಮದ ಮೇಲೆ ಹೋಗಲು ಆಗುವುದಿಲ್ಲ. ಹಿಮನದಿ ಅಷ್ಟು ಹಿಂದೆ ಸರಿದಿದೆ, ಮುಂಭಾಗ ಕುಸಿಯುತ್ತದೆ. ಹೆಲಿಕಾಪ್ಟರ್ ಒಂದೇ ದಾರಿ. ಹಾಗಾಗಿ ಕನಿಷ್ಠ ಎರಡು ರಾತ್ರಿ ಇರಲಿ, ಮೊದಲ ಬೆಳಿಗ್ಗೆಗೇ ಬುಕ್ ಮಾಡಿ. ತಪ್ಪಿದರೆ ಮರುದಿನ ಕೈಯಲ್ಲಿರುತ್ತದೆ. ರದ್ದಾದರೆ ದುಡ್ಡು ವಾಪಸ್ ಬರುತ್ತಾ, ಮಗನ ವಯಸ್ಸಿಗೆ ಬಿಡುತ್ತಾರಾ, ಎರಡನ್ನೂ ಮೊದಲೇ ಕೇಳಿಕೊಳ್ಳಿ. ಏಪ್ರಿಲ್‌ನಲ್ಲಿ ಇಲ್ಲಿನ ಶಾಲೆಗಳಿಗೂ ರಜೆ ಬೀಳುತ್ತದೆ, ತಡ ಮಾಡಬೇಡಿ.

ಆ ಹಿಮನದಿಗೆ ಮಾವೊರಿ ಹೆಸರೂ ಇದೆ: ಕಾ ರೊಯಿಮಾಟಾ ಒ ಹಿನೆ ಹುಕಾಟೆರೆ, ಅಂದರೆ ಹಿನೆ ಹುಕಾಟೆರೆಯ ಕಣ್ಣೀರು. ಅವಳ ನಲ್ಲ ಹಿಮಕುಸಿತದಲ್ಲಿ ಸತ್ತ, ಅವಳು ಅತ್ತ ಕಣ್ಣೀರೇ ಹೆಪ್ಪುಗಟ್ಟಿತು ಅನ್ನುವ ಕಥೆ. ಹೋಗುವಾಗ ದಾರಿಯಲ್ಲಿ ಮಗನಿಗೆ ಹೇಳಿ.

ಕಳೆದ ವರ್ಷ ಹೋಗಿ ಬಂದವರು, ಮೈಸೂರು

ನನ್ನ ಮಟ್ಟಿಗೆ ಟಾಸ್ಮನ್ನೇ ಸರಿ. ಕ್ರೈಸ್ಟ್‌ಚರ್ಚ್‌ನಿಂದ ಮೌಂಟ್ ಕುಕ್ ಹಳ್ಳಿಗೆ ನಾಲ್ಕು ಗಂಟೆ, ಮಳೆಯೂ ಆ ಕಡೆಯಷ್ಟಿಲ್ಲ. ಹಿಮನದಿಯ ಬುಡದಲ್ಲಿ ಸರೋವರವಿದೆ, ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಎಪ್ಪತ್ತರ ದಶಕದ ಶುರುವಿನಲ್ಲಿ ಈ ಸರೋವರವೇ ಇರಲಿಲ್ಲ, ಎಲ್ಲ ಹಿಮವೇ ಇತ್ತು. 2011ರ ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚ್ ಭೂಕಂಪ ಆದಾಗ ಸುಮಾರು 3 ಕೋಟಿ ಟನ್ ಹಿಮ ಒಡೆದು ಇದರೊಳಗೆ ಬಿತ್ತು.

ಒಂದು ಮಾತು ಮಗನಿಗೆ ಮೊದಲೇ ಹೇಳಿಡಿ. ಫೋಟೋದಲ್ಲಿರುವಂಥ ಬಿಳಿ ಹಿಮ ಇಲ್ಲಿ ಎದುರಿಗೆ ಸಿಗುವುದಿಲ್ಲ. ಹಿಮನದಿಯ ಕೆಳಭಾಗ ಕಲ್ಲು, ಜಲ್ಲಿ ಮುಚ್ಚಿಕೊಂಡು ಕ್ವಾರಿಯ ಹಾಗೆ ಕಾಣುತ್ತದೆ. ನೀರು ಅಕ್ಕಿ ತೊಳೆದ ನೀರಿನ ಬಣ್ಣ. ಬೆಟ್ಟ ಅರೆದ ನುಣ್ಣನೆ ಪುಡಿ ಅದರಲ್ಲಿ ತೇಲುತ್ತಿರುತ್ತದೆ, ಅದಕ್ಕೇ ಆ ಬಣ್ಣ. ನನ್ನ ಮಗಳು ಮೊದಲು ಮುಖ ಸಪ್ಪೆ ಮಾಡಿಕೊಂಡಳು. ಆಮೇಲೆ ದೋಣಿ ನಡೆಸುವವರು ನೀರಿನಿಂದ ಒಂದು ಹಿಮದ ತುಂಡು ಎತ್ತಿ ಕೈಗೆ ಕೊಟ್ಟರು. ಫ್ರಿಜ್‌ನ ಐಸಿನ ಹಾಗೆ ಬೆಳ್ಳಗಿಲ್ಲ, ಗಾಜಿನಷ್ಟು ತಿಳಿ. ಅದರ ಮೂಲಕ ಅವಳ ಬೆರಳಿನ ಗೆರೆ ಕಾಣುತ್ತಿತ್ತು. ಕೈ ಮರಗಟ್ಟಿದರೂ ಕೆಳಗಿಡಲಿಲ್ಲ.

ದೋಣಿಯವರೆಗೆ ಅರ್ಧ ಗಂಟೆಯಷ್ಟು ಕಲ್ಲುದಾರಿ ನಡೆಯಬೇಕು. ಅಮ್ಮನ ಮಂಡಿ ಯೋಚಿಸಿ.

ಆಕ್ಲೆಂಡ್‌ನಿಂದ

ಗೆಳತಿಗೆ ಒಯ್ಯುವ ವಿಷಯ. ವಿಮಾನ ಇಳಿಯುವ ಮೊದಲು ತುಂಬುವ ಫಾರಂನಲ್ಲಿ ತಿಂಡಿ ಇದೆ ಅಂತ ಖಂಡಿತ ಬರೆಯಿರಿ, ಒಂದು ಪ್ಯಾಕೆಟ್ ಚಕ್ಕುಲಿ ಇದ್ದರೂ ಸರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಹೇಳಿದರೆ ದಂಡವಿಲ್ಲ, ಬೇಡದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನಮ್ಮತ್ತೆಯ ಚಟ್ನಿಪುಡಿ ಪಾರಾಯಿತು, ಹಸಿ ಕರಿಬೇವು ಹೋಯಿತು. ಜೇನುತುಪ್ಪ ಬೇಡವೇ ಬೇಡ. ತೋಟಕ್ಕೆ ಹಾಕಿಕೊಂಡ ಶೂ ಆದರೆ ಮಣ್ಣು ಪೂರ್ತಿ ತೊಳೆದು ತನ್ನಿ, ಅದನ್ನೂ ನೋಡುತ್ತಾರೆ. ಒಂದು ಒಳ್ಳೆ ಇಳಕಲ್ ಸೀರೆ ತಂದರೆ ಇದ್ಯಾವ ತಾಪತ್ರಯವೂ ಇಲ್ಲ.

ಕಾರು ಓಡಿಸಿದವರು, ಹುಬ್ಬಳ್ಳಿ

ಇಲ್ಲಿನ ಹಾಗೆ ಎಡಗಡೆಯೇ ಓಡಿಸುವುದು, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಒಂದೇ ಗಾಡಿ ಹೋಗುವ ಸೇತುವೆಗಳು ಬಹಳ. ನಿಮ್ಮ ಕಡೆಯ ಬಾಣ ಕೆಂಪಗಿದ್ದರೆ ನಿಂತು ದಾರಿ ಬಿಡಿ. ಪೆಟ್ರೋಲ್ ಸಿಕ್ಕಲ್ಲಿ ತುಂಬಿಸಿ. ಪಶ್ಚಿಮದಲ್ಲಿ ಸ್ಯಾಂಡ್‌ಫ್ಲೈ ಅನ್ನೋ ಸಣ್ಣ ನೊಣ ಕಚ್ಚುತ್ತದೆ, ಮುಲಾಮು ಇರಲಿ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆಳತಿ ಜೊತೆ ಮಾತಾಡಿದೆ. ಟಾಸ್ಮನ್ ಬಿಟ್ಟು ಫ್ರಾನ್ಸ್ ಜೋಸೆಫ್‌ನಲ್ಲಿ ಮೂರು ರಾತ್ರಿ ಇರೋಣ ಅಂದುಕೊಂಡಿದ್ದೇವೆ, ಅವಳೂ ರಜೆ ಹಾಕಿ ಬರುತ್ತಾಳೆ. ಅಮ್ಮನಿಗೂ ಹಿಮ ಮುಟ್ಟುವ ದಾರಿ ಇದೆಯಾ?

ಕ್ರೈಸ್ಟ್‌ಚರ್ಚ್‌ನಲ್ಲಿ ಒಂಬತ್ತು ವರ್ಷದಿಂದ ಇರುವವರು

ಇದೆ. ನಡಿಗೆ ಇಲ್ಲದ, ಬರೀ ಹಿಮದ ಮೇಲೆ ಸ್ವಲ್ಪ ಹೊತ್ತು ಇಳಿಸಿ ಕರೆತರುವ ಹಾರಾಟ ಕೇಳಿ. ಅಪ್ಪ ಎರಡನೇ ಸಲ ಬಂದಾಗ ಅದರಲ್ಲೇ ಹೋದರು. ಅಮ್ಮನಿಗೆ ಉಣ್ಣೆ ಕಾಲುಚೀಲ, ಗಟ್ಟಿ ಬೂಟು ಹಾಕಿ. ಕಪ್ಪು ಕನ್ನಡಕ ಮರೆಯಬೇಡಿ, ಬಿಸಿಲು ಬಿದ್ದರೆ ಕಣ್ಣು ಬಿಡಲು ಆಗುವುದಿಲ್ಲ.