ಡೋರ್ ಪ್ಯಾಡ್ ಬಿಚ್ಚಿ ಹಾಕಿದ ಮೇಲೆ ಮಳೆ ನೀರು ಒಳಗೆ ಬರ್ತಿದೆ, ಸರಿಯಾಗಿ ಕೂರಿಸೋದು ಹೇಗೆ?

ಕುಂದಾಪುರ_ಹ್ಯಾಚ್‌ಬ್ಯಾಕ್

ಗಾಡಿ 2015ರ ಹ್ಯಾಚ್‌ಬ್ಯಾಕ್. ಮುಂದಿನ ಬಾಗಿಲುಗಳಿಗೆ ಪವರ್ ವಿಂಡೋ, ಹಿಂದಿನವಕ್ಕೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್. ಬೇಸಿಗೆಯಲ್ಲಿ ಒಂದು ಅಂಗಡಿಯಲ್ಲಿ ನಾಲ್ಕೂ ಬಾಗಿಲಿಗೆ ಸ್ಪೀಕರ್ ಹಾಕಿಸಿದ್ದು. ಈಗ ಮಳೆ ಬಂದಾಗೆಲ್ಲ ಎಡಗಡೆ ಮುಂದೆ ಕಾಲಿಡೋ ಜಾಗದಲ್ಲಿ ಕಾರ್ಪೆಟ್ ಒದ್ದೆ, ಹಿಂದೆ ಎಡಗಡೆಯೂ ಸ್ವಲ್ಪ. ಗ್ಲಾಸ್ ಬೀಡಿಂಗ್ ಬದಲಾಯಿಸಿ ಅಂತಿದ್ದಾರೆ, ಆದರೆ ರಬ್ಬರ್ ಚೆನ್ನಾಗೇ ಇದೆ. ಪ್ಯಾಡ್, ಅಂದ್ರೆ ಬಾಗಿಲ ಒಳಗಡೆಯ ಹೊದಿಕೆ, ನಾನೇ ಬಿಚ್ಚಿ ನೋಡೋಣ ಅಂತ. ಕ್ಲಿಪ್ ಮುರಿಯದ ಹಾಗೆ ತೆಗೆಯೋದು, ಮತ್ತೆ ಗಡಗಡ ಸದ್ದು ಬರದ ಹಾಗೆ ಕೂರಿಸೋದು ಹೇಗೆ? ಏನೇನು ತಂದಿಟ್ಕೋಬೇಕು?

ಶಿವಮೊಗ್ಗ_ಬಾಡಿವರ್ಕ್

ಬೀಡಿಂಗ್‌ಗೆ ದುಡ್ಡು ಹಾಕಬೇಡಿ ಸರ್. ಎಷ್ಟೇ ಹೊಸ ಬೀಡಿಂಗ್ ಇದ್ದರೂ ಗ್ಲಾಸ್ ಮೇಲೆ ಇಳಿಯೋ ನೀರಲ್ಲಿ ಒಂದಷ್ಟು ಬಾಗಿಲಿನ ಹೊಟ್ಟೆಯೊಳಗೆ ಹೋಗೇ ಹೋಗುತ್ತೆ. ಅದು ಕೆಳಗಿನ ಅಂಚಿನಲ್ಲಿರೋ ಸಣ್ಣ ತೂತುಗಳಿಂದ ಹೊರಗೆ ಸುರಿದು ಹೋಗಲಿ ಅಂತಲೇ ಬಾಗಿಲು ಮಾಡಿರ್ತಾರೆ. ಆ ನೀರನ್ನು ಪ್ಯಾಡ್ ಕಡೆಗೆ ಬಿಡದೆ ತಡೆಯೋದು ಪ್ಯಾಡ್ ಹಿಂದೆ ತಗಡಿಗೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕುವಾಗ ಅದನ್ನು ಹರಿದಿರ್ತಾರೆ, ಇಲ್ಲ ಕೆಳಗಿನ ಅಂಚನ್ನು ಹಾಗೇ ಹೊರಗೆ ಬಿಟ್ಟಿರ್ತಾರೆ.

ಬಿಚ್ಚೋ ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ದಿನ ಅರ್ಧ ಗಂಟೆ ಎಸಿ ಹಾಕಿ. ಕಾರ್ಪೆಟ್ ಡ್ಯಾಶ್‌ಬೋರ್ಡ್ ಕಡೆಯಿಂದ ಒದ್ದೆಯಾದರೆ ಎಸಿ ಡ್ರೈನ್ ಪೈಪ್ ಕಟ್ಟಿದೆ ಅಂತ, ಬಾಗಿಲಿಗೂ ಅದಕ್ಕೂ ಸಂಬಂಧ ಇಲ್ಲ. ಮಳೆಯಲ್ಲಿ ಮಾತ್ರ, ಅದೂ ಬಾಗಿಲ ಪಕ್ಕದ ಅಂಚಿನಿಂದ ಒದ್ದೆಯಾದರೆ ಹಾಳೆಯದೇ ತೊಂದರೆ. ನಿಮ್ಮಲ್ಲಿ ಹಿಂದಿನ ಬಾಗಿಲ ಹತ್ತಿರವೂ ಒದ್ದೆ ಅಂದಮೇಲೆ ನನಗೆ ಹಾಳೆಯ ಮೇಲೇ ಅನುಮಾನ.

ತರಬೇಕಾದ್ದು: ಪ್ಲಾಸ್ಟಿಕ್ ಟ್ರಿಮ್ ಟೂಲ್, 2ನೇ ನಂಬರ್ ಸ್ಟಾರ್ ಸ್ಕ್ರೂಡ್ರೈವರ್, ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ನಿಮ್ಮ ಗಾಡಿಯದೇ ಡೋರ್ ಕ್ಲಿಪ್ ಹತ್ತು, ಹಾಳೆ ಅಂಟಿಸೋಕೆ ಹಗ್ಗದಂತೆ ಸುರುಳಿ ಬರೋ ಕಪ್ಪು ಬ್ಯೂಟೈಲ್ ಟೇಪ್ (ಮೆತ್ತಗಿನ ರಬ್ಬರ್ ಅಂಟು). ಮುಂದಿನ ಒಂದು ಬಾಗಿಲಿಗೆ ಸುಮಾರು 3 ಮೀಟರ್ ಟೇಪ್ ಬೇಕಾಗುತ್ತೆ.

ವೈರಿಂಗ್_ಹುಬ್ಬಳ್ಳಿ

ಬಿಚ್ಚೋದು ಹೀಗ್ರಿ. ಗ್ಲಾಸ್ ಪೂರ್ತಿ ಏರಿಸಿ, ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಕ್ರೂ ಸಾಮಾನ್ಯವಾಗಿ ಎರಡು ಕಡೆ ಅಡಗಿರ್ತಾವ: ಒಳಗಿನ ಹ್ಯಾಂಡಲ್ ಹಿಂದಿನ ಸಣ್ಣ ಮುಚ್ಚಳದ ಕೆಳಗ, ಬಾಗಿಲು ಎಳೆದುಕೊಳ್ಳೋ ಗುಂಡಿಯ ತಳದಾಗ. ಕನ್ನಡಿ ಹತ್ತಿರದ ತ್ರಿಕೋನ ತುಂಡನ್ನೂ ಮೊದಲೇ ತೆಗೀರಿ, ಅದರ ಹಿಂದೆ ಇನ್ನೊಂದು ಸ್ಕ್ರೂ ಇರಬಹುದು. ಪ್ಯಾಡ್ ಒಂದೇ ಕಡೆ ಬಿಗಿಯಾಗಿ ನಿಂತ್ರ ಜೋರು ಮಾಡಬ್ಯಾಡ್ರಿ, ಅಲ್ಲಿ ಸ್ಕ್ರೂ ಉಳಿದಿರ್ತದ.

ಹಿಂದಿನ ಬಾಗಿಲ ತಿರುಗಿಸೋ ಹ್ಯಾಂಡಲ್‌ಗೆ ಸ್ಕ್ರೂ ಇಲ್ದಿದ್ರ ಒಳಗ ಕುದುರೆ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಇರ್ತದ. ಹ್ಯಾಂಡಲ್‌ಗೂ ಅದರ ಹಿಂದಿನ ವಾಷರ್‌ಗೂ ನಡುವೆ ಹತ್ತಿ ಬಟ್ಟೆ ತೂರಿಸಿ ಆ ಕಡೆ ಈ ಕಡೆ ಎಳೆದಾಡಿದ್ರ ಕ್ಲಿಪ್ ಹೊರಗ ಹಾರ್ತದ. ಹಾರಿದ್ದು ಕಳೆದು ಹೋಗೋದೇ ಹೆಚ್ಚು, ಇನ್ನೊಂದು ಕೈ ಅಡ್ಡ ಹಿಡೀರಿ. ವಾಪಸ್ ಹಾಕೋವಾಗ ಕ್ಲಿಪ್ ಅನ್ನ ಮೊದಲು ಹ್ಯಾಂಡಲ್‌ಗೇ ಹಾಕಿ, ಆಮೇಲೆ ಹಲ್ಲಿನ ಶಾಫ್ಟ್ ಮೇಲೆ ಒತ್ತಿದ್ರ ಟಕ್ ಅಂತ ಕೂರ್ತದ.

ಈಗ ಪ್ಯಾಡ್. ಕೆಳಗಿನ ಮೂಲೆಯಿಂದ ಶುರು ಮಾಡಿ. ಟೂಲನ್ನ ಕ್ಲಿಪ್‌ನ ಮಗ್ಗುಲಿಗೇ ಇಟ್ಟು ಎಬ್ಬಿಸ್ರಿ. ಎರಡು ಕ್ಲಿಪ್ ನಡುವೆ ಹಾಕಿ ಎಳೆದ್ರ ಕ್ಲಿಪ್ ಬರೋದಿಲ್ಲ, ಪ್ಯಾಡ್ ಹಿಂದಿನ ಕ್ಲಿಪ್ ಮನೆ ಕಿತ್ತು ಬರ್ತದ. ಕ್ಲಿಪ್ ಹೊಸದು ಸಿಗ್ತದ, ಆ ಮನೆ ಸಿಗೋದಿಲ್ಲ. ಕೆಳಗೂ ಎರಡೂ ಪಕ್ಕಕ್ಕೂ ಬಿಟ್ಟ ಮೇಲೆ ಪ್ಯಾಡ್ ಅನ್ನ ನೇರ ಮೇಲಕ್ಕೆ ಎತ್ತಿ, ಅದರ ಮೇಲಂಚು ಗ್ಲಾಸ್ ಸಂದಿಗೆ ಕೊಕ್ಕಿಯಾಗಿ ಕೂತಿರ್ತದ. ಎತ್ತಿದ ಕೂಡಲೇ ದೂರ ಎಳೀಬ್ಯಾಡ್ರಿ, ಸ್ವಿಚ್ ಕಪ್ಲರ್ (ವೈರ್ ಸೇರಿಸೋ ಪ್ಲಾಸ್ಟಿಕ್ ಪ್ಲಗ್) ಮತ್ತು ಹ್ಯಾಂಡಲ್ ಕೇಬಲ್ ಇನ್ನೂ ಜೋತಾಡ್ತಿರ್ತಾವ. ಕಪ್ಲರ್‌ನ ನಾಲಿಗೆ ಒತ್ತಿ ಕಳಚಿ, ವೈರ್ ಹಿಡಿದು ಜಗ್ಗಬ್ಯಾಡ್ರಿ. ಬಾಗಿಲೊಳಗ ಏರ್‌ಬ್ಯಾಗ್ ಸೆನ್ಸರ್ ಇರೋ ಗಾಡಿ ಆದ್ರ ಬ್ಯಾಟರಿ ಕಳಚಿ ಕೆಲವು ನಿಮಿಷ ಬಿಟ್ಟೇ ಕೈ ಹಾಕ್ರಿ.

ಕುಂದಾಪುರ_ಹ್ಯಾಚ್‌ಬ್ಯಾಕ್

ಎಡಗಡೆ ಮುಂದಿನದು ಬಿಚ್ಚಿದೆ, ಮೂರು ಕ್ಲಿಪ್ ತಗಡಿನಲ್ಲೇ ಉಳಿದಿವೆ. ಹಾಳೆಯನ್ನು ಸ್ಪೀಕರ್ ಸುತ್ತ ಬ್ಲೇಡಿನಿಂದ ಅಗಲಕ್ಕೆ ಕೊಯ್ದು, ಕೆಳಗೆ ಪ್ಯಾಕಿಂಗ್ ಟೇಪ್ ಹಚ್ಚಿದ್ದಾರೆ, ಅದೂ ಬಿಟ್ಟುಕೊಂಡಿದೆ. ಸ್ಪೀಕರ್ ಹಿಂದೆ ಕಂದು ಬಣ್ಣದ ಮರದ ಥರದ ರಿಂಗ್ ಇದೆ, ಅಂಚು ಉಬ್ಬಿದೆ. ಸಿಲಿಕಾನ್ ಹಚ್ಚಿ ಹಾಳೆ ಅಂಟಿಸಬಹುದಾ?

ಶಿವಮೊಗ್ಗ_ಬಾಡಿವರ್ಕ್

ಸಿಲಿಕಾನ್ ಬೇಡ. ವಿನೆಗರ್ ವಾಸನೆ ಬರೋ ಬಗೆಯದು ಗೀರು ಬಿದ್ದ ತಗಡಿಗೆ ತುಕ್ಕು ಹಿಡಿಸುತ್ತೆ. ಮುಂದೆ ಗ್ಲಾಸ್ ಮೋಟರ್ ರಿಪೇರಿಗೆ ಹಾಳೆ ತೆಗೀಬೇಕಾದರೆ ಹರಿಯದೆ ಬರಲ್ಲ. ಬ್ಯೂಟೈಲ್ ಗಟ್ಟಿಯಾಗಲ್ಲ, ಎಳೆದರೆ ಬಿಡುತ್ತೆ, ಒತ್ತಿದರೆ ಮತ್ತೆ ಹಿಡಿಯುತ್ತೆ.

ಆ ರಿಂಗ್ ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ. ನೀರು ಕುಡಿದು ಉಬ್ಬಿ ಪುಡಿಯಾಗೋ ವಸ್ತು, ಬಾಗಿಲೊಳಗೆ ಇಡಲೇಬಾರದು. ಪ್ಲಾಸ್ಟಿಕ್ ರಿಂಗ್ ಹಾಕಿ, ರಿಂಗ್‌ಗೂ ತಗಡಿಗೂ ನಡುವೆ ಬ್ಯೂಟೈಲ್ ಒಂದು ಸುತ್ತು ಕೊಡಿ.

ಹಾಳೆ ಅಷ್ಟು ಕೊಯ್ದಿದ್ದರೆ ತೇಪೆ ಹಾಕೋದಕ್ಕಿಂತ ಹೊಸದು ಕತ್ತರಿಸಿ. ಅಡಿಕೆ ಒಣಗಿಸೋ ಸೋಲಾರ್ ಮನೆಗೆ ಹಾಕ್ತಾರಲ್ಲ, ಆ 200 ಮೈಕ್ರಾನ್ ಪಾಲಿಥಿನ್ ಸಾಕು. ಹಳೆಯದನ್ನೇ ಅಚ್ಚು ಇಟ್ಟು ಕೊಯ್ಯಿರಿ, ಕೆಳಗೆ ಮಾತ್ರ ನಾಲ್ಕು ಬೆರಳು ಹೆಚ್ಚಿಗೆ ಬಿಡಿ. ತಗಡು ಒರೆಸಿ ಪೂರ್ತಿ ಒಣಗಿಸಿ ಟೇಪ್ ಹಚ್ಚಿ. ಒದ್ದೆ ತಗಡಿಗೂ ದೂಳಿಗೂ ಅದು ಅಂಟಲ್ಲ.

ಇಲ್ಲಿ ಗಮನ ಕೊಡಿ: ಹಾಳೆಯ ಕೆಳಗಿನ ಅಂಚು ತಗಡಿನ ಮೇಲೆ ಹೊರಗಡೆ ಇಳಿಬಿದ್ದಿರಬಾರದು. ಬಾಗಿಲಿನ ಕೆಳಭಾಗದಲ್ಲಿರೋ ಸಂದಿಯೊಳಗೆ ಅದನ್ನು ತೂರಿಸಬೇಕು. ಆಗ ಹಾಳೆ ಮೇಲೆ ಇಳಿದ ನೀರು ಬಾಗಿಲ ಹೊಟ್ಟೆಗೇ ಬೀಳುತ್ತೆ. ಮೇಲೆಲ್ಲ ಚೆನ್ನಾಗಿ ಅಂಟಿಸಿ ಇದೊಂದನ್ನು ಬಿಟ್ಟರೆ ನೀರೆಲ್ಲ ನೇರ ಕಾರ್ಪೆಟ್‌ಗೆ.

ಬಾಗಿಲಿನ ಕೆಳಗಿನ ಡ್ರೈನ್ ತೂತುಗಳಿಗೆ ಕೇಬಲ್ ಟೈ ಹಾಕಿ ಕೆಸರು, ಎಲೆ ತೆಗೀರಿ. ಪ್ಯಾಡ್ ಹಾಕೋ ಮೊದಲು ಹೊರಗಿನಿಂದ ಗ್ಲಾಸ್ ಮೇಲೆ ಚೊಂಬಿನಲ್ಲಿ ನೀರು ಹೊಯ್ಯಿರಿ. ನೀರು ತೂತುಗಳಿಂದ ಸುರಿಯಬೇಕು, ಹಾಳೆಯ ಸೀಟಿನ ಕಡೆಯ ಮೈಯಲ್ಲಿ ಒಂದು ಹನಿಯೂ ಇರಬಾರದು.

ವೈರಿಂಗ್_ಹುಬ್ಬಳ್ಳಿ

ಕೂರಿಸೋವಾಗ: ತಗಡಿನಾಗ ಉಳಿದ ಕ್ಲಿಪ್ ಎಲ್ಲಾ ತೆಗೆದು ಪ್ಯಾಡ್‌ಗೇ ಸಿಗಿಸ್ರಿ, ಸಡಿಲ ಆದದ್ದು ಬಿಸಾಕಿ ಹೊಸದು ಹಾಕ್ರಿ. ಒಂದು ಕ್ಲಿಪ್ ಸಡಿಲ ಇದ್ರೂ ಗುಂಡಿ ರಸ್ತೆಯಾಗ ಅದೇ ಗಡಗಡ. ಜೋತಾಡೋ ವೈರ್‌ಗೆ ಫೆಲ್ಟ್ ಟೇಪ್ ಸುತ್ತಿ ಅದರ ಜಾಗಕ್ಕ ಸಿಗಿಸ್ರಿ, ಗ್ಲಾಸ್ ಇಳಿಯೋ ದಾರಿಯಾಗ ಬರಬಾರದು.

ಕೇಬಲ್ ಮತ್ತು ಕಪ್ಲರ್ ಹಾಕಿ, ಬ್ಯಾಟರಿ ಕೂಡಿಸಿ, ಬಾಗಿಲು ತೆರೆದಿದ್ದಾಗಲೇ ಲಾಕಿನ ನಾಲಿಗೆಯನ್ನ ಸ್ಕ್ರೂಡ್ರೈವರ್‌ನಿಂದ ತಳ್ಳಿ, ಎರಡು ಸಲ ಟಕ್ ಅನ್ನಬೇಕು. ಒಳಗಿನ ಹ್ಯಾಂಡಲ್ ಎಳೆದ್ರ ಬಿಡಬೇಕು, ಮತ್ತೆ ತಳ್ಳಿ ಹೊರಗಿನದು ಎಳೆದ್ರೂ ಬಿಡಬೇಕು. ಇದು ನೋಡದೆ ಬಾಗಿಲು ಹಾಕಬ್ಯಾಡ್ರಿ. ಕೇಬಲ್ ತಪ್ಪಿದ್ರ ಒಳಗಿನಿಂದ ತೆಗೆಯೋಕಾಗೋದಿಲ್ಲ.

ಆಮೇಲೆ ಲಾಕ್ ನಾಬ್ ಇದ್ರ ಅದನ್ನ ತೂತಿಗೆ ತೂರಿಸಿ, ಪ್ಯಾಡ್‌ನ ಮೇಲಂಚನ್ನ ಮೊದಲು ಗ್ಲಾಸ್ ಸಂದಿಗೆ ಕೂರಿಸಿ ಕೆಳಗೆ ಒತ್ತಿ. ಒಳಗಿನ ರಬ್ಬರ್ ಮಡಚಿಕೊಂಡಿಲ್ಲ ಅಂತ ನೋಡಿ, ಒಂದೊಂದೇ ಕ್ಲಿಪ್ ತೂತಿಗೆ ನೇರ ಬಂದದ್ದು ಕಂಡ ಮೇಲೆ ಅಂಗೈಯಿಂದ ಗುದ್ದಿ. ಕೊನೆಗೆ ಸ್ಕ್ರೂ: ಮೊದಲು ಹಿಂದಕ್ಕೆ ತಿರುಗಿಸಿ, ಹಳೇ ಹಾದಿಗೆ ಇಳಿದದ್ದು ಕೈಗೆ ಗೊತ್ತಾದ ಮೇಲೆ ಬಿಗಿ ಮಾಡಿ, ಇಲ್ಲಾಂದ್ರ ಪ್ಲಾಸ್ಟಿಕ್ ಹಾದಿ ಸವೆದು ಹೋಗ್ತದ.

ಶಿವಮೊಗ್ಗ_ಬಾಡಿವರ್ಕ್

ಕಾರ್ಪೆಟ್ ಮೇಲ್ಮೈ ಒಣಗಿದ್ದು ನೋಡಿ ಬಿಡಬೇಡಿ ಸರ್. ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ, ಅಡಿಯ ಸ್ಪಂಜ್ ಹಿಂಡಿ ನೋಡಿ. ಕಡಲ ತಡಿಯ ಗಾಳಿಗೆ ಅದು ತಾನಾಗಿ ಒಣಗಲ್ಲ, ಅಡಿಯಲ್ಲಿ ತಗಡು ತುಕ್ಕು ಹಿಡಿಯುತ್ತೆ. ಕಾರ್ಪೆಟ್ ಕೆಳಗೆ ಮರದ ತುಂಡು ಕೊಟ್ಟು ಎತ್ತಿಟ್ಟು, ಸ್ಪಂಜ್ ಒಣಗೋ ತನಕ ಫ್ಯಾನ್ ಹಾಕಿ ಬಿಡಿ.