ಎಫ್ ಸ್ವರ ದಾಟುವಾಗ ದನಿ ಒಡೆಯುತ್ತದೆ. ಫಾಲ್ಸೆಟ್ಟೊ (ತೆಳುವಾದ ಮೇಲಿನ ದನಿ) ಅಭ್ಯಾಸ ಬೇಕಾ, ಬೇಡವಾ?

ಕಲಿಯುವ ಟೆನರ್:
ಎರಡು ವರ್ಷದಿಂದ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿಯುತ್ತಿದ್ದೇನೆ. ನನ್ನದು ಟೆನರ್, ಅಂದರೆ ಗಂಡಸರ ಎತ್ತರದ ದನಿ. ಮಧ್ಯದ ಸಿ ಮೇಲಿನ ಇ ತನಕ ದನಿ ಚೆನ್ನಾಗಿದೆ. ಎಫ್ ಬಂತೋ, ಗಂಟಲು ಬಿಗಿಯುತ್ತದೆ. ಎಫ್ ಶಾರ್ಪ್‌ನಲ್ಲಿ ಪಟಕ್ಕನೆ ಒಡೆದು ಫಾಲ್ಸೆಟ್ಟೊಗೆ ಜಾರುತ್ತದೆ. ಮೊದಲಿನ ಟೀಚರ್ "ಅದನ್ನು ಹಾಡಲೇಬೇಡ" ಅಂದಿದ್ದರು. ಈಗಿನವರು ದಿನಾ ಅದರಿಂದಲೇ ಶುರು ಮಾಡಿಸುತ್ತಾರೆ. ಯಾರ ಮಾತು ಕೇಳಲಿ?

ಹಳೇ ಬ್ಯಾರಿಟೋನ್:
ಈಗಿನವರ ಮಾತು ಕೇಳಿ. ಎದೆದನಿಯಲ್ಲಿ, ಅಂದರೆ ಮಾತಾಡುವಾಗಿನಂಥ ಗಟ್ಟಿ ದನಿಯಲ್ಲಿ, ಸ್ವರತಂತುಗಳು ದಪ್ಪಗಿದ್ದು ಚೆನ್ನಾಗಿ ಕೂಡುತ್ತವೆ. ಫಾಲ್ಸೆಟ್ಟೊದಲ್ಲಿ ಒಳಗಿನ ಸ್ನಾಯು ಸಡಿಲವಾಗುತ್ತದೆ, ತಂತುಗಳು ಎಳೆದು ತೆಳುವಾಗುತ್ತವೆ, ಹೆಚ್ಚಾಗಿ ಅಂಚು ಮಾತ್ರ ಅದುರುತ್ತದೆ. ನೀವು ಆ ದಪ್ಪವನ್ನು ಎಫ್ ತನಕ ಹೊತ್ತುಕೊಂಡು ಹೋಗುತ್ತಿದ್ದೀರಿ. ತಡೆಯಲಾರದೆ ಸ್ನಾಯು ಒಮ್ಮೆಲೇ ಕೈಬಿಡುತ್ತದೆ, ಅದೇ ಆ 'ಪಟಕ್'. ಇಟಾಲಿಯನ್ನರು ಪಸ್ಸಾಜ್ಜೊ ಅನ್ನುವ ತಿರುವು ಟೆನರ್‌ಗಳಿಗೆ ಅಲ್ಲೇ ಸುತ್ತಮುತ್ತ ಬರುತ್ತದೆ.

ಹತ್ತುವುದು ಬಿಡಿ, ಇಳಿಯಿರಿ. ಎಫ್ ಮೇಲಿನ ಎ ಸ್ವರದಲ್ಲಿ ಮೆತ್ತಗೆ 'ಊ' ಅಂತ ಫಾಲ್ಸೆಟ್ಟೊ ಹಿಡಿದು, ನಿಧಾನಕ್ಕೆ ಡಿ ತನಕ ಜಾರಿ. ಎದೆದನಿ ತಾನಾಗಿ ಬಂದು ಸೇರಲಿ, ನೀವು ಎಳೆದು ತರಬೇಡಿ.

ಕಲಿಯುವ ಟೆನರ್:
ನಾಲ್ಕು ದಿನ ಮಾಡಿದೆ. ನನ್ನ 'ಊ' ಅಂದರೆ ಬರೀ ಗಾಳಿ. ಇಳಿಯುವಾಗ ಇ ಹತ್ತಿರ ಮತ್ತೆ ಪಟಕ್!

ಹಳೇ ಬ್ಯಾರಿಟೋನ್:
ಗಾಳಿ ಸೋರುತ್ತಿದೆ ಅಂದರೆ ತಂತುಗಳು ಸರಿಯಾಗಿ ಮುಚ್ಚುತ್ತಿಲ್ಲ. ಅಂಥ ಫಾಲ್ಸೆಟ್ಟೊ ಎಷ್ಟು ಸಲ ಮಾಡಿದರೂ ಸೋರುವುದೇ ಅಭ್ಯಾಸವಾಗುತ್ತದೆ. ನಾಯಿಮರಿ ಕುಂಯ್‌ಗುಡುತ್ತದಲ್ಲ, ಹಾಗೆ ಸಣ್ಣಗೆ ಶುರು ಮಾಡಿ. ನಗು ಬರುತ್ತದೆ, ಬರಲಿ. ಒತ್ತಡವಿಲ್ಲದೆ ಅಂಚುಗಳು ಕೂಡುತ್ತವೆ. ಆ ಸದ್ದನ್ನೇ 'ಊ'ಗೆ ತಿರುಗಿಸಿ ಇಳಿಯಿರಿ. ಗಂಟಲು ನೋಯಿತೋ, ಅವತ್ತಿಗೆ ಸಾಕು.

ಹಿನ್ನೆಲೆ ಹುಚ್ಚ:
ಮೊದಲಿನ ಟೀಚರ್ ಹೆದರಿದ್ದೂ ಸುಮ್ನೆ ಅಲ್ಲ. 1837ರಲ್ಲಿ ಫ್ರೆಂಚ್ ಟೆನರ್ ಡುಪ್ರೆ ಪ್ಯಾರಿಸ್ ಓಪೆರಾದಲ್ಲಿ ಮೇಲಿನ ಸಿಯನ್ನು ಎದೆದನಿಯಲ್ಲೇ ಹಾಡಿ ಹೆಸರು ಮಾಡಿದ. ಅದಕ್ಕೂ ಮುಂಚೆ ಟೆನರ್‌ಗಳು ಮೇಲೆ ಹೋದಂತೆ ದನಿ ಹಗುರ ಮಾಡುತ್ತಿದ್ದರು. ಆಮೇಲೆ ಗಟ್ಟಿ ದನಿಯೇ ಗಂಡಸ್ತನ ಅಂತಾಯಿತು. ಫಾಲ್ಸೆಟ್ಟೊ ಅನ್ನುವ ಹೆಸರೂ ಮೊದಲಿಂದಲೇ ಹಾಗಿದೆ ನೋಡಿ, ಕಳ್ಳದನಿ! ಆದರೆ 1723ರಲ್ಲೇ ಇಟಲಿಯ ಗಾಯನ ಗುರು ಟೋಸಿ, ಸೊಪ್ರಾನೊಗಳಿಗೆ (ಅತಿ ಎತ್ತರದ ದನಿಯವರಿಗೆ) ಕಲಿಸುವಾಗ ಎರಡು ದನಿಗಳ ಬೆಸುಗೆ ಕಾಣದ ಹಾಗೆ ಸೇರಿಸಬೇಕು ಅಂತ ಬರೆದಿದ್ದ. ಒಂದು ಮಾತು ಮಾತ್ರ ನಿಜ: ಕೌಂಟರ್‌ಟೆನರ್ (ಫಾಲ್ಸೆಟ್ಟೊದಲ್ಲೇ ಹಾಡುವ ಗಂಡಸು) ಆಗದಿದ್ದರೆ, ಆರ್ಕೆಸ್ಟ್ರಾ ಎದುರು ಬರೀ ಫಾಲ್ಸೆಟ್ಟೊ ನಿಲ್ಲುವುದು ಕಷ್ಟ.

ಕಲಿಯುವ ಟೆನರ್:
ಮೂರು ವಾರ ಆಯಿತು. 'ಊ'ದಲ್ಲಿ ಎಫ್ ಶಾರ್ಪ್ ಒಡೆಯುತ್ತಿಲ್ಲ! 'ಆ' ಅಂದರೆ ಈಗಲೂ ಪಟಕ್.

ಹಳೇ ಬ್ಯಾರಿಟೋನ್:
ಅಗಲಿಸಿದ 'ಆ' ಮತ್ತೆ ಎದೆದನಿಯನ್ನೇ ಎಳೆದುಕೊಂಡು ಬರುತ್ತದೆ. ಇ ದಾಟಿದ ಮೇಲೆ ಅದನ್ನು ಸ್ವಲ್ಪ 'ಓ' ಕಡೆಗೆ ವಾಲಿಸಿ. ನಿಮ್ಮ ಕಿವಿಗೆ 'ಓ' ಜಾಸ್ತಿ ಆಯಿತು ಅನಿಸಬಹುದು. ರೆಕಾರ್ಡ್ ಮಾಡಿ ಕೇಳಿ, 'ಆ' ಅಂತಲೇ ಕೇಳಿಸುತ್ತದೆ.